ನ್ಯಾವಿಡ್ರೋಮ್: ಮನೆಯ ಹಾಡುಗಳು ಊರಾಚೆಗೂ
ಸ್ವಂತ ಹಾಡುಗಳ ಸಂಗ್ರಹವನ್ನು ಹೊರಗಿನಿಂದ ಕೇಳಲು ಉಚಿತ, ಮುಕ್ತ ತಂತ್ರಾಂಶ ನ್ಯಾವಿಡ್ರೋಮ್ ಬಲು ಒಳ್ಳೆಯದು. ಇದನ್ನು ನಡೆಸಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಹಾಡಿನ ಫೋಲ್ಡರ್ ತೋರಿಸಿ, ಬ್ರೌಸರಿನಲ್ಲಿ ಪೈನ ಐಪಿ ವಿಳಾಸದ ಮುಂದೆ :4533 ಎಂದು ಪೋರ್ಟ್ ಸಂಖ್ಯೆ ಸೇರಿಸಿ ತೆರೆದು ಅಡ್ಮಿನ್ ಖಾತೆ ಮಾಡಿ.

ತೊಡಕಿರುವುದು ಮನೆಯಾಚೆ. ಹಲವು ಬ್ರಾಡ್‌ಬ್ಯಾಂಡ್‌ಗಳಲ್ಲಿ ಒಂದೇ ಐಪಿ ವಿಳಾಸ ಅನೇಕ ಮನೆಗಳಿಗೆ ಹಂಚಿಕೆಯಾಗಿರುತ್ತದೆ. ಹಾಗಾಗಿ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನ ಕೋರಿಕೆ ಪೈಗೆ ತಲುಪುವಂತೆ ಹೊಂದಿಸಿದರೂ) ಫಲವಿಲ್ಲ. ಅದಕ್ಕೆ ಪೈ, ಫೋನ್ ಎರಡರಲ್ಲೂ ಸಾಧನಗಳನ್ನು ಖಾಸಗಿ ಜಾಲದಲ್ಲಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿ ಒಂದೇ ಖಾತೆಯಿಂದ ಲಾಗಿನ್ ಆಗಿ. ಹಾಡು ಕೇಳಲು ಆಂಡ್ರಾಯ್ಡಿಗೆ ಸಿಂಫೋನಿಯಂ ಆ್ಯಪ್. ದುಡ್ಡು ಕೊಡಬೇಕು, ಆದರೆ ಕೊಟ್ಟರೆ ನಷ್ಟವಿಲ್ಲ.

ಮೊಬೈಲ್ ಡೇಟಾದಲ್ಲಿ ದೊಡ್ಡ ಗಾತ್ರದ ಫ್ಲ್ಯಾಕ್ ಕಡತ ಬೇಡ. 128 ಕೆಬಿಪಿಎಸ್‌ನ ಓಪಸ್ ಎಂಬ ಚಿಕ್ಕ ಗಾತ್ರದ ರೂಪಕ್ಕೆ ಇಳಿಸಿದರೆ ಗಂಟೆಗೆ ಸುಮಾರು 58 ಎಂಬಿ. ಇದಕ್ಕೆ ಸರ್ವರ್‌ನಲ್ಲಿ, ಅಂದರೆ ಪೈನಲ್ಲಿ, ಹಾಡಿನ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶ ಇರಲೇಬೇಕು.

ಹಾಡುಗಳನ್ನು ಜೋಡಿಸಲು ನ್ಯಾವಿಡ್ರೋಮ್ ನೋಡುವುದು ಫೋಲ್ಡರನ್ನಲ್ಲ, ಕಡತದೊಳಗೆ ಬರೆದಿರುವ ಹಾಡಿನ ವಿವರವನ್ನು, ಅಂದರೆ ಟ್ಯಾಗನ್ನು. ಹಾಡಿಗೊಬ್ಬ ಗಾಯಕರಿರುವ ಸಿನಿಮಾ ಆಲ್ಬಂ ಚೂರುಚೂರಾಗಿ ಕಂಡರೆ, ಎಲ್ಲ ಹಾಡುಗಳ ‘ಆಲ್ಬಂ ಆರ್ಟಿಸ್ಟ್’ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರನ್ನೇ ತುಂಬಿ ಮತ್ತೆ ಸ್ಕ್ಯಾನ್ ಮಾಡಿ.