ಬಿಳಿಮೆಣಸಿನ ಜೊತೆ ಒಂಬತ್ತು ವರ್ಷ: ಕರಿ, ಹಸಿರು, ಗುಲಾಬಿ ಕಾಳುಗಳನ್ನೂ ಬಳಸಿ ನೋಡಿದ ಮೇಲೆ

ಬಿಳಿಮೆಣಸು ನನ್ನ ಅಡುಗೆಮನೆಗೆ ಬಂದು ಒಂಬತ್ತು ವರ್ಷವಾಯಿತು. ಮೊದಲ ಪೊಟ್ಟಣ ಮಾತ್ರ ಒಂದು ವಾರವೂ ಉಳಿಯದೆ ಕಸದ ಬುಟ್ಟಿ ಸೇರಿತ್ತು. ಪುಡಿ ಮಾಡಿ ಮಾರುವಂಥದ್ದು ಅದು. ಮುಚ್ಚಳ ತೆಗೆದರೆ ತೊಳೆಯದ ಕೊಟ್ಟಿಗೆಯ ವಾಸನೆ. ಬಿಸಿ ಸೂಪಿಗೆ ಒಂದು ಚಿಟಿಕೆ ಹಾಕಿದ್ದೇ ತಡ, ಹಬೆಯ ಜೊತೆ ಆ ನಾತವೂ ಎದ್ದು ಮನೆಯಲ್ಲಿ ಯಾರೂ ಬಟ್ಟಲು ಮುಟ್ಟಲಿಲ್ಲ. ಬಿಳಿಮೆಣಸೆಂದರೆ ಇಷ್ಟೇ ಇರಬೇಕು ಎಂದುಕೊಂಡು ಒಂದು ವರ್ಷ ಅದರ ಗೊಡವೆಗೇ ಹೋಗಲಿಲ್ಲ. ಇದನ್ನು ಬರೆಯಲು ಮುಖ್ಯ ಕಾರಣ ಆ ತಪ್ಪು ತಿಳಿವಳಿಕೆಯೇ. ಎಷ್ಟೋ ಜನ ಒಂದು ಕೆಟ್ಟ ಪೊಟ್ಟಣ ನೋಡಿ ಬಿಳಿಮೆಣಸನ್ನೇ ಬಿಟ್ಟುಬಿಡುತ್ತಾರೆ. ಆ ನಾತ ಕಾಳಿನ ಹುಟ್ಟುಗುಣವಲ್ಲ, ಅದನ್ನು ನೆನೆಹಾಕಿದ ನೀರಿನದು.

ಕರಿಮೆಣಸು, ಬಿಳಿಮೆಣಸು, ಹಸಿರುಮೆಣಸು ಮೂರೂ ಒಂದೇ ಬಳ್ಳಿಯವು, ಪೈಪರ್ ನೈಗ್ರಮ್. ಕಾಳು ಹಸಿರಾಗಿರುವಾಗ ಕಿತ್ತು ಬಿಸಿಲಿಗೆ ಹರವಿದರೆ ಸಿಪ್ಪೆಯಲ್ಲಿರುವ ಕಿಣ್ವಗಳು ಕೆಲಸ ಮಾಡಿ ಅದು ಕಪ್ಪಾಗುತ್ತದೆ, ಹೆಚ್ಚಿಟ್ಟ ಸೇಬು ಕಂದುಬಣ್ಣಕ್ಕೆ ತಿರುಗುವ ಹಾಗೆ. ಬಿಳಿಮೆಣಸಿಗೆ ಕಾಳು ಹಣ್ಣಾಗುವವರೆಗೆ ಕಾಯಬೇಕು. ಹಣ್ಣನ್ನು ಗೋಣಿಚೀಲದಲ್ಲಿ ತುಂಬಿ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ನೀರಿನಲ್ಲಿ ಮುಳುಗಿಸಿಡುತ್ತಾರೆ. ಸಿಪ್ಪೆ ಕೊಳೆತು ಮೆತ್ತಗಾದ ಮೇಲೆ ಉಜ್ಜಿ ತೆಗೆದು, ತೊಳೆದು, ಒಣಗಿಸಿದರೆ ಒಳಗಿನ ಬೀಜ ಉಳಿಯುತ್ತದೆ. ಬೆಳೆಗಾರರ ಬಾಯಲ್ಲಿ ಅದು ಬೋಳುಕಾಳು. ಇದಕ್ಕಿಂತ ಸರಿಯಾದ ಹೆಸರು ಇರಲಾರದು. ನೂರು ಕಿಲೋ ಹಸಿರು ಕಾಳಿನಿಂದ ಸುಮಾರು 33 ಕಿಲೋ ಕರಿಮೆಣಸು ಬಂದರೆ, ನೂರು ಕಿಲೋ ಹಣ್ಣಿನಿಂದ ಬರುವ ಬಿಳಿಮೆಣಸು ಸುಮಾರು 25 ಕಿಲೋ. ಜೊತೆಗೆ ಅಷ್ಟೊಂದು ತೊಳೆಯುವ ಕೆಲಸ. ಬಿಳಿಯದಕ್ಕೆ ಬೆಲೆ ಹೆಚ್ಚೇಕೆ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ.

ಗುಣ ನಿರ್ಧಾರವಾಗುವುದು ನೀರಿನಲ್ಲಿರುವ ಆ ಒಂದು ವಾರದಲ್ಲಿ. ಹರಿಯುವ ನೀರಾದರೆ, ಅಥವಾ ತೊಟ್ಟಿಯ ನೀರನ್ನು ಮತ್ತೆ ಮತ್ತೆ ಬದಲಿಸಿದರೆ, ಕಾಳು ಶುಭ್ರವಾಗಿ ಬರುತ್ತದೆ. ನಿಂತ ನೀರಿನಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾಗಳು ಸ್ಕೇಟೋಲ್, ಪ್ಯಾರಾ ಕ್ರೆಸಾಲ್, ಬ್ಯುಟಿರಿಕ್ ಆಮ್ಲದಂಥವನ್ನು ಹುಟ್ಟಿಸುತ್ತವೆ. ಸ್ಕೇಟೋಲ್ ಮಲದಲ್ಲಿರುವ ವಸ್ತು. ಪ್ಯಾರಾ ಕ್ರೆಸಾಲ್ ದನ, ಕುದುರೆ ಕಟ್ಟುವ ಜಾಗದ ವಾಸನೆಗೆ ಕಾರಣ. ಮೊದಲ ಪೊಟ್ಟಣ ಮೂಸಿದಾಗ ಕೊಟ್ಟಿಗೆ ನೆನಪಾದದ್ದು ನನ್ನ ಭ್ರಮೆಯಾಗಿರಲಿಲ್ಲ ಎಂದು ಇದನ್ನು ಓದಿದ ದಿನ ಗೊತ್ತಾಯಿತು. ಹಾಗೆ ಕಾರಣ ಗೊತ್ತಾದ ಮೇಲೇ ಮತ್ತೊಮ್ಮೆ, ಈ ಸಲ ಇಡೀ ಕಾಳು ತರುವ ಧೈರ್ಯ ಬಂತು.

ಅಲ್ಲಿಂದ ಈಚೆಗೆ ಬಿಳಿಮೆಣಸು ಮನೆಯಲ್ಲಿ ಖಾಲಿಯಾಗಲು ಬಿಟ್ಟಿಲ್ಲ. ಇಂಡೊನೇಷ್ಯಾದ ಬಾಂಗ್ಕಾ ದ್ವೀಪದ ಮುಂಟೊಕ್ ಬಂದರಿನ ಹೆಸರಿನಲ್ಲಿ ಬರುವ ಕಾಳನ್ನು ಹೆಚ್ಚು ಬಳಸಿದ್ದೇನೆ. ಖಾರ ಚುರುಕು, ಹಿಂದೆ ತೆಳುವಾಗಿ ಒಂದು ಹುಳಿತ ವಾಸನೆ ಇರುತ್ತದೆ, ಆದರೆ ಬಿಸಿಗೆ ಬಿದ್ದರೆ ಅದು ಕೂಡಿಕೊಂಡು ಹೋಗುತ್ತದೆ. ಮಲೇಷ್ಯಾದ ಸರವಾಕ್‌ನದು ನನಗೆ ಇನ್ನೂ ಮೃದುವಾಗಿ, ಶುಭ್ರವಾಗಿ ಕಂಡಿತು. ಕ್ಯಾಮರೂನಿನ ಪೆಂಜಾ ಕಾಳು ಒಂದೇ ಸಲ ಸಿಕ್ಕಿತ್ತು. ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆಯುವ, 2013ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸದು. ಅದರ ಪರಿಮಳ ಇವತ್ತಿಗೂ ಮೂಗಿನಲ್ಲಿದೆ. ಮತ್ತೆ ಸಿಕ್ಕರೆ ಬಿಡುವುದಿಲ್ಲ.

ರುಚಿಯ ಲೆಕ್ಕದಲ್ಲಿ ಕರಿಮೆಣಸಿಗೂ ಬಿಳಿಮೆಣಸಿಗೂ ವ್ಯತ್ಯಾಸ ಬರುವುದು ಸಿಪ್ಪೆಯಿಂದ. ಪರಿಮಳ ತರುವ ಎಣ್ಣೆಯ ಬಹುಪಾಲು ಸಿಪ್ಪೆಯ ಪದರದಲ್ಲಿರುತ್ತದೆ. ಖಾರ ತರುವ ಪೈಪರಿನ್ ಒಳಗಿನ ಬೀಜದಲ್ಲಿ. ಸಿಪ್ಪೆ ಹೋದರೆ ಘಮ ಹೋಗಿ ಖಾರ ಉಳಿಯಿತು. ಕರಿಮೆಣಸು ಮೊದಲು ಮೂಗಿಗೆ ಮಾತಾಡಿ ಆಮೇಲೆ ನಾಲಿಗೆಗೆ ಬರುತ್ತದೆ. ಬಿಳಿಮೆಣಸು ಮುನ್ಸೂಚನೆ ಕೊಡದೆ ಗಂಟಲಿನ ಹಿಂಭಾಗದಲ್ಲಿ ನಿಧಾನಕ್ಕೆ ಬೆಚ್ಚಗಾಗುತ್ತದೆ. ಕರಿಮೆಣಸಿನ ಅಳತೆಗೇ ಬಿಳಿಯದನ್ನು ಹಾಕಿದರೆ ಘಮ ಬರಲಿಲ್ಲವೆಂದು ಇನ್ನಷ್ಟು ಹಾಕುತ್ತೀರಿ, ಆಮೇಲೆ ಖಾರ ಏರಿ ಊಟ ಕೆಡುತ್ತದೆ. ನಾನು ಕರಿಮೆಣಸಿನ ಮುಕ್ಕಾಲು ಪಾಲಿನಿಂದ ಶುರು ಮಾಡುತ್ತೇನೆ. ಒಲೆ ಆರಿಸುವ ಹೊತ್ತಿಗೆ ಹಾಕುತ್ತೇನೆ. ತುಂಬ ಹೊತ್ತು ಕುದಿಸಿದರೆ ಒಳ್ಳೆಯ ಬಿಳಿಮೆಣಸೂ ಸ್ವಲ್ಪ ಕಹಿಯಾಗುತ್ತದೆಂಬುದು ನನ್ನ ಅನುಭವ.

ತಿಳಿ ಸೂಪು, ಹಾಲು ಬೆಣ್ಣೆ ಬಿದ್ದ ಬಿಳಿ ಸಾಸು, ಕಿವುಚಿದ ಆಲೂಗೆಡ್ಡೆ, ಬೇಯಿಸಿದ ಮೊಟ್ಟೆ, ಅಣಬೆ: ಇವಕ್ಕೆ ಬಿಳಿಮೆಣಸಿನ ಸಮ ಬೇರೆ ಇಲ್ಲ. ಕಪ್ಪು ಚುಕ್ಕೆ ಕಾಣಬಾರದೆಂದು ಬಿಳಿಯದನ್ನು ಹಾಕುತ್ತಾರೆ ಎನ್ನುವ ಮಾತು ಅರ್ಧ ಸತ್ಯ. ಕಣ್ಣು ಮುಚ್ಚಿ ತಿಂದರೂ ಎರಡೂ ಬೇರೆ ಎಂದು ತಿಳಿಯುತ್ತದೆ. ಹಾಲಿನ ಮೃದುತನದ ಮೇಲೆ ಕರಿಮೆಣಸು ತನ್ನ ಘಮವನ್ನು ಹೇರುತ್ತದೆ, ಬಿಳಿಯದು ಹಾಲಿನೊಳಗೇ ಬೆರೆಯುತ್ತದೆ.

ಹಾಗೆಂದು ಕರಿಮೆಣಸಿನ ಜಾಗವನ್ನು ಬಿಳಿಮೆಣಸು ತುಂಬಲಾರದು. ತುಂಬಬೇಕಾಗಿಯೂ ಇಲ್ಲ. ಆಗತಾನೆ ಕುಟ್ಟಿದ ಕರಿಮೆಣಸಿನಲ್ಲಿ ನಿಂಬೆ, ಪೈನ್ ಮರ, ಹಸಿ ಕಟ್ಟಿಗೆಯ ಪರಿಮಳ ಎಲ್ಲ ಒಟ್ಟಿಗೆ ಏಳುತ್ತವೆ. ಅದರಲ್ಲಿ ರೋಟಂಡೋನ್ ಎಂಬ ಒಂದು ವಸ್ತುವಿದೆ. ಶಿರಾಜ್ ದ್ರಾಕ್ಷಿಗೆ ಮೆಣಸಿನ ವಾಸನೆ ಎಲ್ಲಿಂದ ಬರುತ್ತದೆಂದು ಹುಡುಕಿದ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಗುರುತಿಸಿದರು. ಕರಿಮೆಣಸು, ಬಿಳಿಮೆಣಸು ಎರಡರಲ್ಲೂ ಅದು ಇದೆಯೆಂದೂ ತೋರಿಸಿದರು. ಆ ಪ್ರಯೋಗದಲ್ಲಿ ಮೂಸಿ ನೋಡಿದವರಲ್ಲಿ ಐವರಿಗೆ ಒಬ್ಬರಂತೆ ಅದರ ವಾಸನೆಯೇ ತಿಳಿಯಲಿಲ್ಲವಂತೆ. ನಮ್ಮ ಮನೆಯಲ್ಲೂ ಒಬ್ಬರು ಒಳ್ಳೆಯ ಮೆಣಸಿಗೂ ಹಳೆಯ ಮೆಣಸಿಗೂ ವ್ಯತ್ಯಾಸವೇ ಇಲ್ಲವೆಂದು ಸದಾ ವಾದಿಸುತ್ತಾರೆ. ಈ ಸಂಗತಿ ತಿಳಿದ ಮೇಲೆ ನಾನು ವಾದ ಬಿಟ್ಟಿದ್ದೇನೆ.

ಕೊಳ್ಳುವಾಗ ತಲಶ್ಶೇರಿ ಎಂಬ ಹೆಸರು ಕಂಡರೆ ಅದು ಬೇರೆ ತಳಿಯೆಂದು ತಿಳಿಯಬೇಡಿ. ವ್ಯಾಪಾರದಲ್ಲಿ ಅದು ಗಾತ್ರದ ದರ್ಜೆ: 4.25 ಮಿಲಿಮೀಟರ್‌ಗಿಂತ ದಪ್ಪದ ಕಾಳು. ದಪ್ಪ ಕಾಳಿನ ಘಮ ನನಗೆ ಇಷ್ಟವೇ, ಆದರೆ ದಿನಬಳಕೆಗೆ ಸಣ್ಣ ಕಾಳೂ ಸಾಕು. ಗಾತ್ರಕ್ಕಿಂತ ತೂಕ ನೋಡುವುದು ಲೇಸು. ಒಂದು ಲೀಟರ್ ಅಳತೆಯಲ್ಲಿ ತುಂಬಿದ ಒಳ್ಳೆಯ ಕರಿಮೆಣಸು ಸುಮಾರು 550 ಗ್ರಾಂ ತೂಗಬೇಕು. ತೀರಾ ಕಡಿಮೆ ಬಂದರೆ ಒಳಗೆ ಜೊಳ್ಳು ಇದೆ. ಪರಂಗಿ ಬೀಜ ಬೆರೆಸಿದ್ದಾರೆಂಬ ಅನುಮಾನವಿದ್ದರೆ ಒಂದು ಹಿಡಿ ನೀರಿಗೆ ಹಾಕಿ. ಗಟ್ಟಿ ಕಾಳು ಮುಳುಗುತ್ತದೆ, ಒಣಗಿದ ಪರಂಗಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲುವುದರಿಂದ ತೇಲಿದ್ದನ್ನು ಒಡೆದು ನೋಡಬೇಕು.

ನಾನು ಮಾಡಿದ ದೊಡ್ಡ ತಪ್ಪು ಗಾಜಿನ ಜಾಡಿ. ನೋಡಲು ಚೆಂದವೆಂದು ಬಿಳಿಮೆಣಸಿನ ಪುಡಿಯನ್ನು ಗಾಜಿನ ಜಾಡಿಯಲ್ಲಿ ತುಂಬಿ ಕಿಟಕಿಯ ಪಕ್ಕ ಇಟ್ಟಿದ್ದೆ. ಕೆಲವೇ ತಿಂಗಳಲ್ಲಿ ಎಷ್ಟು ಹಾಕಿದರೂ ಖಾರವೇ ಇಲ್ಲ. ಪೈಪರಿನ್‌ಗೆ ಬೆಳಕು ಆಗದು. ಬೆಳಕು ಬಿದ್ದರೆ ಅದರ ಅಣುವಿನ ಆಕಾರ ಬದಲಾಗಿ ಐಸೊಚಾವಿಸಿನ್ ಆಗುತ್ತದೆ, ಅದಕ್ಕೆ ರುಚಿಯೇ ಇಲ್ಲವೆನ್ನಬಹುದು. (ಈ ಪೈಪರಿನ್ ಅನ್ನು 1819ರಲ್ಲಿ ಮೊದಲು ಬೇರ್ಪಡಿಸಿದವರು ಹಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್, ಮರುವರ್ಷ ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಇರುವ ನಂಟನ್ನು ಕಂಡುಹಿಡಿದವರೂ ಅವರೇ.) ಈಗ ಎಲ್ಲವೂ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರದ ಕಪಾಟಿನಲ್ಲಿ. ಇಡೀ ಕಾಳು ಎರಡು ಮೂರು ವರ್ಷ ಚೆನ್ನಾಗಿಯೇ ಉಳಿದಿದೆ. ಪುಡಿ ಮಾತ್ರ ತಿಂಗಳುಗಳಲ್ಲೇ ಸೊರಗುತ್ತದೆ, ಆದ್ದರಿಂದ ಆಗಾಗ ಬೇಕಾದಷ್ಟೇ ಬೀಸುತ್ತೇನೆ. ಪುಡಿಯಲ್ಲಿ ಹಿಟ್ಟು ಬೆರೆತಿದ್ದರೂ ಕಣ್ಣಿಗೆ ಕಾಣದು, ಅದೂ ಬಿಳಿ, ಇದೂ ಬಿಳಿ.

ಹಸಿರುಮೆಣಸು ಉಪ್ಪುನೀರಿನಲ್ಲಿ ಇಟ್ಟಿದ್ದಾದರೆ ಬಹಳ ಒಳ್ಳೆಯದು, ಕಚ್ಚಿದರೆ ಎಳೆಯ ಖಾರ, ಹಸಿರೆಲೆಯ ತಾಜಾತನ. ಡಬ್ಬಿ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಬೇಕು. ಒಣಗಿಸಿದ ಹಸಿರುಕಾಳು ನನಗೆ ಒಣಹುಲ್ಲಿನ ರುಚಿ ಕೊಟ್ಟಿತು, ಮತ್ತೆ ತರಲಿಲ್ಲ. ಕಾಂಬೋಡಿಯಾದ ಕಾಂಪೋಟ್‌ನಿಂದ ಬರುವ, ಹಣ್ಣಾದ ಮೇಲೆ ಸಿಪ್ಪೆ ಸಮೇತ ಒಣಗಿಸಿದ ಕೆಂಪುಕಾಳಿಗೆ ಹಣ್ಣಿನ ಸಿಹಿಯಿದೆ, ಹಬ್ಬದ ದಿನಕ್ಕೆಂದು ಎತ್ತಿಡುವಂಥದ್ದು.

ಗುಲಾಬಿ ಕಾಳಿನ ಬಗ್ಗೆ ಒಂದು ಎಚ್ಚರಿಕೆ. ಅದು ಮೆಣಸಿನ ಬಳ್ಳಿಯದಲ್ಲ, ಸ್ಕೈನಸ್ ಎಂಬ ಮರದ ಹಣ್ಣು, ಗೇರುಬೀಜದ ಕುಟುಂಬಕ್ಕೆ ಸೇರಿದ್ದು. ಗೇರುಬೀಜ, ಪಿಸ್ತಾ ತಿಂದರೆ ಅಲರ್ಜಿ ಆಗುವವರು ಇದರಿಂದ ದೂರ ಇರಬೇಕು. ಬಣ್ಣಬಣ್ಣದ ಮಿಶ್ರ ಮೆಣಸಿನ ಡಬ್ಬಿಗಳಲ್ಲಿ ಇದು ಇದ್ದೇ ಇರುತ್ತದೆ, ಅತಿಥಿಗಳಿಗೆ ಬಡಿಸುವ ಮೊದಲು ಕೇಳಿ. ಇದರ ಸಿಪ್ಪೆ ಕಾಗದದಂತೆ ತೆಳು, ಒಳಗೆ ಜಿಗುಟು. ನನ್ನ ಗ್ರೈಂಡರಿನ ಹಲ್ಲುಗಳಿಗೆ ಎರಡು ಸಲ ಮೆತ್ತಿಕೊಂಡು ಅದು ನಿಂತೇಹೋಗಿತ್ತು. ಈಗ ಬೆರಳಲ್ಲೇ ಪುಡಿಮಾಡಿ ಹಣ್ಣಿನ ಮೇಲೆ ಉದುರಿಸುತ್ತೇನೆ.

ಸಿಚುವಾನ್ ಮೆಣಸೂ ಮೆಣಸಲ್ಲ, ನಿಂಬೆಯ ಕುಟುಂಬದ್ದು, ನಮ್ಮ ಜುಮ್ಮನಕಾಯಿಯ ನೆಂಟ. ಖಾರಕ್ಕಿಂತ ತುಟಿ ಜುಮ್ಮೆನ್ನುವುದೇ ಹೆಚ್ಚು. ಆ ಜುಮ್ಮು ಸೆಕೆಂಡಿಗೆ ಸುಮಾರು 50 ಸಲ ಕಂಪಿಸಿದಂತೆ ಭಾಸವಾಗುತ್ತದೆಂದು 2013ರಲ್ಲಿ ಅಳೆದೇ ನೋಡಿದ್ದಾರೆ. ಹಿಪ್ಪಲಿ ಮತ್ತು ಬಾಲಮೆಣಸು ಮಾತ್ರ ನಿಜವಾದ ದಾಯಾದಿಗಳು. ಎರಡನ್ನೂ ಇನ್ನೂ ಸಾಕಷ್ಟು ಬಳಸಿಲ್ಲ, ಅಭಿಪ್ರಾಯ ಹೇಳುವಷ್ಟಾದರೂ ಬಳಸಿ ಆಮೇಲೆ ಬರೆಯುತ್ತೇನೆ.

ಬಿಳಿಮೆಣಸು ಮೊದಲ ಸಲ ತರುವವರು ಇಡೀ ಕಾಳನ್ನೇ ತನ್ನಿ, ಐವತ್ತು ಗ್ರಾಂ ಸಾಕು. ಬಣ್ಣ ಕೆನೆಯಂತೆ ಇರಲಿ, ಸುಣ್ಣದಂತೆ ಬೆಳ್ಳಗಿದ್ದರೆ ಬೇಡ. ನಾಲ್ಕು ಕಾಳನ್ನು ಕುಟ್ಟಿ ಬಿಸಿನೀರಿಗೆ ಹಾಕಿ ಮೂಸಿ. ಅಡುಗೆಯಲ್ಲಿ ಮುಂದೆ ಬರಬಹುದಾದ ನಾತ ಆ ಲೋಟದಲ್ಲೇ ಗೊತ್ತಾಗುತ್ತದೆ. ನಾನು ಪ್ರತಿ ಹೊಸ ಪೊಟ್ಟಣಕ್ಕೂ ಹೀಗೇ ಮಾಡುತ್ತೇನೆ, ಕಳೆದ ವರ್ಷ ಎರಡನ್ನು ಹಿಂತಿರುಗಿಸಿದೆ. ಈಗ ಕಪಾಟಿನಲ್ಲಿರುವುದು ಹದಿನಾಲ್ಕು ತಿಂಗಳ ಹಿಂದಿನ ಸರವಾಕ್ ಕಾಳು. ನಿನ್ನೆ ರಾತ್ರಿ ಅಣಬೆ ಸೂಪಿಗೆ ಅದನ್ನೇ ಬೀಸಿ ಹಾಕಿದೆ, ಬಟ್ಟಲುಗಳೆಲ್ಲ ಖಾಲಿಯಾದವು.