ಕ್ಯಾಲಿಫೋರ್ನಿಯಾದ ಕೇಬಲ್ ಟಿವಿ: ಚಿತ್ರ ಸ್ಪಷ್ಟ, ಬಿಲ್ಲು ಗೋಜಲು

ಬೇ ಏರಿಯಾದ ನಮ್ಮ ಮನೆಗಿರುವ ಕೇಬಲ್ ಸಂಪರ್ಕದ ಚಿತ್ರ ಮತ್ತು ಧ್ವನಿಯ ಬಗ್ಗೆ ನನಗೆ ತಕರಾರಿಲ್ಲ. ಬಿಲ್ಲಿನ ವಿಷಯದಲ್ಲಿ ಮಾತ್ರ ಈ ಕಂಪನಿಗೆ ಒಳ್ಳೆಯ ಅಂಕ ಕೊಡಲಾರೆ.

ಬಿಲ್ಲಿನ ಕೊನೆಯಲ್ಲಿ ತೆರಿಗೆಗಳ ಜೊತೆ ‘ಫ್ರಾಂಚೈಸ್ ಫೀ’ ಎಂಬ ಸಾಲೊಂದಿರುತ್ತದೆ. ಗ್ರಾಹಕರು ಮೊದಲು ಸಿಟ್ಟಾಗುವುದು ಅದರ ಮೇಲೆಯೇ ಆದರೂ, ಇಡೀ ಬಿಲ್ಲಿನಲ್ಲಿ ಲೆಕ್ಕ ನೇರವಾಗಿರುವ ಸಾಲು ಅದು. ನಗರದ ರಸ್ತೆಯಡಿಯಲ್ಲಿ, ರಸ್ತೆಬದಿಯ ಕಂಬಗಳ ಮೇಲೆ ತಂತಿ ಎಳೆದು ವ್ಯಾಪಾರ ಮಾಡುವ ಕಂಪನಿಯಿಂದ ಸ್ಥಳೀಯ ಆಡಳಿತ ಪಡೆಯುವ ಒಂದು ಬಗೆಯ ನೆಲಬಾಡಿಗೆ ಇದು. 1984ರ ಫೆಡರಲ್ ಕೇಬಲ್ ಕಾಯ್ದೆಯ ಪ್ರಕಾರ ಕೇಬಲ್ ಸೇವೆಯ ಒಟ್ಟು ಆದಾಯದ ಶೇ. 5ನ್ನು ಇದು ಮೀರುವಂತಿಲ್ಲ. ಪರವಾನಗಿ ಕೊಡುವ ಅಧಿಕಾರವನ್ನು ಕ್ಯಾಲಿಫೋರ್ನಿಯಾ 2006ರ ಕಾಯ್ದೆಯ ಮೂಲಕ ರಾಜ್ಯದ ಪಬ್ಲಿಕ್ ಯುಟಿಲಿಟೀಸ್ ಕಮಿಷನ್‌ಗೆ ವಹಿಸಿತಾದರೂ, ಹಣ ಈಗಲೂ ಮೂರು ತಿಂಗಳಿಗೊಮ್ಮೆ ಆಯಾ ನಗರಕ್ಕೋ ಕೌಂಟಿಗೋ ಸಂದಾಯವಾಗುತ್ತದೆ. ಪಕ್ಕದಲ್ಲಿರುವ ‘ಪೆಗ್’ ಶುಲ್ಕ, ನಗರಸಭೆಯ ಕಲಾಪ ಬಿತ್ತರಿಸುವಂಥ ಸಾರ್ವಜನಿಕ ವಾಹಿನಿಗಳಿಗೆ ಮೀಸಲು. (ಆ ಕಲಾಪವನ್ನು ಯಾರು ನೋಡುತ್ತಾರೆ ಎಂದು ಕೇಳಬೇಡಿ, ನಮ್ಮ ಬೀದಿಯ ವಿಷಯ ಬಂದಾಗ ನಾನು ನೋಡಿದ್ದೇನೆ.) ವಿದ್ಯುತ್ ಕಂಪನಿಯೂ ರಸ್ತೆ ಬಳಕೆಗೆ ಹೀಗೆಯೇ ಶುಲ್ಕ ತೆರುತ್ತದೆ, ಆದರೆ ಅದು ಬಹುಮಟ್ಟಿಗೆ ದರದೊಳಗೇ ಸೇರಿಕೊಂಡಿರುತ್ತದೆ.

ನನ್ನ ಆಕ್ಷೇಪವಿರುವುದು ‘ಬ್ರಾಡ್‌ಕಾಸ್ಟ್ ಟಿವಿ ಫೀ’ ಎಂಬ ಇನ್ನೊಂದು ಸಾಲಿನ ಬಗ್ಗೆ. ಹೆಸರು ಕೇಳಿದರೆ ಸರ್ಕಾರ ವಿಧಿಸಿದ್ದೆಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಅದು ವಾಹಿನಿಗಳಿಗೆ ಕೊಡಬೇಕಾದ ಹಣವನ್ನು ಕಂಪನಿಯೇ ಬೇರೆ ಹೆಸರಿನಲ್ಲಿ ನಮ್ಮಿಂದ ವಸೂಲು ಮಾಡುವ ಬಗೆ. ಅದೂ ಆದಾಯವೇ ಆದ್ದರಿಂದ ಅದರ ಮೇಲೂ ಶೇ. 5 ಬೀಳುತ್ತದೆ: 80 ಡಾಲರ್ ಎಂದು ಒಪ್ಪಿದ ಪ್ಯಾಕೇಜಿಗೆ 20 ಡಾಲರ್ ಬ್ರಾಡ್‌ಕಾಸ್ಟ್ ಫೀ ಕೂಡಿದರೆ, ನಗರದ ಪಾಲು 4 ಡಾಲರಿನಿಂದ 5ಕ್ಕೆ ಏರುತ್ತದೆ. ಏಕೆಂದು ವಿಚಾರಿಸಿದಾಗ ಗ್ರಾಹಕ ಸೇವೆಯವರು ‘ಅದು ಸಿಟಿಯವರದ್ದು’ ಎಂದು ಜಾರಿಕೊಂಡರು. ಇಂಥ ಶುಲ್ಕಗಳನ್ನೂ ಸೇರಿಸಿ ಒಂದೇ ದರವನ್ನು ತೋರಿಸಬೇಕೆಂಬ ನಿಯಮವನ್ನು ಅಮೆರಿಕದ ಕೇಂದ್ರ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿ ರೂಪಿಸಿದ್ದು 2024ರಲ್ಲಿ.

ಕ್ರೀಡೆ ಹಾಗೂ ಸ್ಥಳೀಯ ಸುದ್ದಿ ಬೇಕೆನ್ನುವವರು ಈ ಸೇವೆಯನ್ನು ಪಡೆಯಬಹುದು. ಕನ್ನಡ ವಾಹಿನಿಗಳನ್ನು ಆ್ಯಪ್‌ಗಳಲ್ಲೇ ನೋಡುವ ಮನೆಗಳಿಗೆ ಬರೀ ಇಂಟರ್ನೆಟ್ ಸಾಕು, ಅದಕ್ಕೆ ಫ್ರಾಂಚೈಸ್ ಫೀ ಅನ್ವಯಿಸುವುದಿಲ್ಲ. ಎರಡನ್ನೂ ಒಟ್ಟಿಗೆ ಪಡೆದಿರುವವರು, ಶೇ. 5ರ ಲೆಕ್ಕವನ್ನು ಟಿವಿಯ ಮೊತ್ತಕ್ಕೆ ಮಾತ್ರ ಹಾಕಿದ್ದಾರೆಯೇ ಎಂದು ಮೊದಲ ಬಿಲ್ಲಿನಲ್ಲೇ ಪರಿಶೀಲಿಸುವುದು ಒಳಿತು.