ಒಂದು ಚದರಡಿಯ ಲಾರ್ಡ್ ಪಟ್ಟ: ಕೊಳ್ಳುವ ಮುನ್ನ ಓದಿ

ಲಂಡನ್ನಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಈ ಸಲ ದೀಪಾವಳಿಗೆ ಮೂಡಿಗೆರೆಗೆ ಬಂದಾಗ, ಸ್ಕಾಟ್ಲೆಂಡಿನಲ್ಲಿ ನನ್ನ ಹೆಸರಿಗೆ ಒಂದು ಚದರಡಿ ನೆಲವನ್ನೂ ಅದರೊಂದಿಗೆ ದೊರೆಯುವ 'ಲಾರ್ಡ್' ಪಟ್ಟದ ಪ್ರಮಾಣಪತ್ರವನ್ನೂ ಉಡುಗೊರೆಯಾಗಿ ತಂದುಕೊಟ್ಟನು. ಆನ್‌ಲೈನಿನಲ್ಲಿ ಅದಕ್ಕೆ ಸುಮಾರು 40 ಪೌಂಡ್ ತೆತ್ತಿದ್ದನಂತೆ. ಕಾಗದ ದಪ್ಪವಾಗಿದೆ, ಅಕ್ಷರಗಳು ಅಂದವಾಗಿವೆ. ಕೆಂಪು ಅರಗಿನ ಮುದ್ರೆ ಮಾತ್ರ ಉಗುರು ತಾಗಿಸಿದೊಡನೆ ಎದ್ದು ಬಂತು. ಅದು ಪ್ಲಾಸ್ಟಿಕ್ ಅಂಟುಚೀಟಿ.

ನಮ್ಮ ಒಂದು ಗುಂಟೆಯೆಂದರೆ 1089 ಚದರಡಿ. ಈ ಲೆಕ್ಕದಲ್ಲಿ ಗುಂಟೆಗೆ 1089 ಲಾರ್ಡುಗಳು, ಆದರೆ ಒಬ್ಬೊಬ್ಬರ ಪಾಲಿನಲ್ಲಿ ಒಂದು ಅರೇಬಿಕಾ ಗಿಡಕ್ಕೂ ಜಾಗವಿಲ್ಲ. ನಕ್ಷೆಯನ್ನು ತಿರುಗಿಸಿ ನೋಡಿದ ತೋಟದ ರೈಟರು, "ಸಾವ್ಕಾರ್ರೆ, ಇದಕ್ಕೆ ಚಕ್ಕುಬಂದಿ ಎಲ್ಲಿ?" ಎಂದರು. ಪಹಣಿ, ಖಾತೆ ನೋಡದೆ ಜಮೀನನ್ನು ನಂಬುವ ರೂಢಿ ನಮ್ಮ ಕಡೆ ಇಲ್ಲದ ಕಾರಣ ನಾನೂ ವಿಚಾರಿಸಿದೆನು. ಸ್ಕಾಟ್ಲೆಂಡಿನ ಭೂ ನೋಂದಣಿ ಕಾನೂನು ಇಂಥ ತುಣುಕುಗಳನ್ನು ಸ್ಮರಣಿಕೆಯ ನಿವೇಶನಗಳೆಂದು ಪರಿಗಣಿಸಿ ನೋಂದಣಿಯಿಂದ ಹೊರಗಿಡುತ್ತದೆ. ನೋಂದಣಿಯಾಗದ ನೆಲಕ್ಕೆ ಒಡೆತನವೂ ಬಾರದು. ಮಾರಾಟಗಾರರು ಆಧಾರವಾಗಿಟ್ಟುಕೊಂಡಿರುವ 'ಲೇರ್ಡ್' ಎಂಬ ಪದವಾದರೋ ಅಲ್ಲಿ ದೊಡ್ಡ ಜಮೀನಿನ ಒಡೆಯನನ್ನು ಕರೆಯುವ ರೂಢಿಯ ಮಾತೇ ಹೊರತು ಕುಲೀನ ಪದವಿಯಲ್ಲ.

ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಬ್ರಿಟನ್ನಿನ ಐದು ನಿಜವಾದ ಕುಲೀನ ದರ್ಜೆಗಳನ್ನು ರಾಜಮುದ್ರೆಯ ಸನದಿನ ಮೂಲಕ ಕೊಡುತ್ತಾರೆ. ರಾಜಗೌರವಗಳನ್ನು ಹಣಕ್ಕೆ ಮಾರುವುದು 1925ರ ಕಾನೂನಿನ ಪ್ರಕಾರ ಅಪರಾಧ. ಈ ದರ್ಜೆಗಳಲ್ಲಿ ಅರ್ಲ್ ಎಂಬುದು ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡಿಗೆ ಬರುವುದಕ್ಕೂ ಹಿಂದಿನ ಹಳೆಯ ಇಂಗ್ಲಿಷ್ ಪದವಾದ್ದರಿಂದ ಅದಕ್ಕೆ ಸ್ತ್ರೀರೂಪವೇ ಇಲ್ಲ, ಆತನ ಹೆಂಡತಿ ಫ್ರೆಂಚ್ ಮೂಲದ 'ಕೌಂಟೆಸ್' ಆಗುತ್ತಾಳೆ. ಇನ್ನು 'ಲಾರ್ಡ್' ಎಂಬುದರ ಮೂಲಾರ್ಥ 'ರೊಟ್ಟಿ ಕಾಯುವವನು', 'ಲೇಡಿ' ಎಂದರೆ 'ರೊಟ್ಟಿಯ ಹಿಟ್ಟು ನಾದುವವಳು'. ಇದನ್ನು ಓದಿ ಹೇಳಿದಾಗ ಅಕ್ಕಿರೊಟ್ಟಿಗೆ ಹಿಟ್ಟು ನಾದುತ್ತಿದ್ದ ನನ್ನ ಹೆಂಡತಿ, "ಹಾಗಾದ್ರೆ ನಂಗೆ ಸರ್ಟಿಫಿಕೇಟ್ ಬೇಡ ಬಿಡಿ" ಎಂದಳು.

ನ್ಯಾಯವಾಗಿ ಹೇಳಬೇಕೆಂದರೆ ಅಸಲಿ ಪಟ್ಟಗಳಿಗೂ ನೆಲಕ್ಕೂ ಇರುವ ನಂಟು ಅಷ್ಟಕ್ಕಷ್ಟೆ. ಡೆವನ್‌ಶೈರ್ ಡ್ಯೂಕರ ಅರಮನೆ ಚಾಟ್ಸ್‌ವರ್ತ್ ಇರುವುದು ಡರ್ಬಿಶೈರಿನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ದಂಡನಾಯಕನಾಗಿದ್ದ ಜಾರ್ಜ್ ಹ್ಯಾರಿಸ್‌ಗೆ 1815ರಲ್ಲಿ ಬ್ಯಾರನ್ ಪಟ್ಟ ಕೊಟ್ಟಾಗ, ಕೆಂಟ್ ಪ್ರಾಂತ್ಯದ ಬೆಲ್ಮಾಂಟ್ ಜೊತೆಗೆ ನಮ್ಮ ಶ್ರೀರಂಗಪಟ್ಟಣ, ಮೈಸೂರುಗಳ ಹೆಸರನ್ನೂ ಅದಕ್ಕೆ ಪೋಣಿಸಿದರು. ಆದರೆ ಆ ಪಟ್ಟಕ್ಕೆ ಸನದಾದರೂ ಇತ್ತು, ನನ್ನದಕ್ಕೆ ಅದೂ ಇಲ್ಲ.

ನೋಂದಣಿ ಸಂಖ್ಯೆ ಕೇಳಿ ಬರೆದ ಇ-ಮೇಲಿಗೆ ಮಾರಾಟ ಸಂಸ್ಥೆಯವರು ಉತ್ತರವಾಗಿ ಕಳಿಸಿದ್ದು ಇನ್ನೊಂದು ಜಾಹೀರಾತು. ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಎರಡೂ ಮುದ್ರಣಕ್ಕೆ. ತಮಾಷೆಯ ಉಡುಗೊರೆಯಾಗಿ ಬೇಕಿದ್ದರೆ ಕೊಳ್ಳಬಹುದು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹೆಸರಿನ ಹಿಂದೆ 'ಲಾರ್ಡ್' ಸೇರಿಸಿಕೊಡಿ ಎಂದು ಮಾತ್ರ ಯಾರೂ ಕೌಂಟರಿನ ಮುಂದೆ ನಿಲ್ಲಬೇಡಿ.